ಛಡಿ ಕಸಿದುಕೊಂಡೆವು, ಬದಲಿಗೆ ಏನು ಕೊಟ್ಟೆವು?

ಶಾಲೆಯ ಶಿಸ್ತಿನ ಪ್ರಶ್ನೆ ಎದ್ದಾಗಲೆಲ್ಲ ಬೆಳಗಾವಿ ಗಡಿ ಸೀಮೆಯ ಹಿರಿಯರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಛಡಿ ಛಮ್ ಛಮ್, ವಿದ್ಯಾ ಘಮ್ ಘಮ್’. ಇದು ಕನ್ನಡದ ಗಾದೆಯೋ ಮರಾಠಿಯದೋ ಎಂದು ಬೇರ್ಪಡಿಸುವುದು ಕಷ್ಟ. ಕೃಷ್ಣೆಯ ಎರಡೂ ದಂಡೆಗಳಲ್ಲಿ ಅದು ಚಲಾವಣೆಯಲ್ಲಿದೆ. ಮಗನನ್ನು ಶಾಲೆಗೆ ಹಾಕಲು ಬಂದ ತಂದೆ ‘ಚರ್ಮ ನಿಮ್ದು, ಎಲುಬು ನಮ್ದು, ಗುರುಗಳ’ ಎಂದು ಹೇಳಿ ಕೈಮುಗಿದು ಹೋಗುತ್ತಿದ್ದ ಕಾಲವೂ ತೀರ ಹಿಂದಿನದಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದರ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಂದೇ ಏಟಿಗೆ ನಿಷೇಧಿಸಿತು. ಮಾಡಬೇಕಾದದ್ದನ್ನೇ ಮಾಡಿತು. ಆದರೆ ಐವತ್ತು ಮಕ್ಕಳ ಮುಂದೆ ನಿಲ್ಲುವ ಶಿಕ್ಷಕನ ಕೈಯಿಂದ ಅವನಿಗೆ ಗೊತ್ತಿದ್ದ ಏಕೈಕ ಸಾಧನವನ್ನು ಕಸಿದುಕೊಂಡ ಸರ್ಕಾರ, ಆ ಕೈಗೆ ಬೇರೆ ಯಾವ ಸಾಧನವನ್ನು ಕೊಟ್ಟಿತು? ಸುತ್ತೋಲೆಗಳನ್ನು ಕೊಟ್ಟಿತು, ಅಷ್ಟೇ.

ನಾನು ಶಿಕ್ಷಣ ಇಲಾಖೆಯವನಲ್ಲ. ಸೇವೆಯ ಕೆಲವು ವರ್ಷಗಳನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕಳೆದವನು. ಚುನಾವಣೆ ಬರಲಿ, ಗಣತಿ ಬರಲಿ, ನದಿಗೆ ಮಹಾಪೂರ ಬರಲಿ, ನಾವು ಮೊದಲು ತಟ್ಟುತ್ತಿದ್ದುದು ಶಾಲೆಯ ಬಾಗಿಲನ್ನೇ. ನಿವೃತ್ತಿಯ ನಂತರ ಶಿಕ್ಷಕ ಮಿತ್ರರ ಅನುಮತಿ ಪಡೆದು ಕೆಲವು ತರಗತಿಗಳಲ್ಲಿ ಕೊನೆಯ ಬೆಂಚಿನ ಮೇಲೆ ಕುಳಿತು ನೋಡುವ ಹವ್ಯಾಸ ಬೆಳೆಯಿತು. ಅಲ್ಲಿಂದ ಕಾಣುವ ಶಾಲೆ, ಮುಖ್ಯಾಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುತ್ತ ಕಾಣುವ ಶಾಲೆಗಿಂತ ಬಹಳ ಬೇರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ್ದರಿಂದ ಮೊದಲು ಒಂದು ಲೆಕ್ಕ. ಇದೇ ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ಕೆಲಸದ ದಿನಗಳು, 1000 ಗಂಟೆಗಳ ಬೋಧನೆ ನಡೆಯಬೇಕು. 40 ನಿಮಿಷದ ಒಂದು ಅವಧಿಯಲ್ಲಿ ‘ಸುಮ್ಮನಿರಿ’, ‘ಕೂತ್ಕೊಳ್ರಿ’, ‘ಯಾರದು ಹಿಂದೆ?’ ಎನ್ನುವುದರಲ್ಲಿ ಎಂಟು ನಿಮಿಷ ಹೋಯಿತೆನ್ನಿ. ಅದು ಐದನೆಯ ಒಂದು ಭಾಗ. ವರ್ಷಕ್ಕೆ 200 ಗಂಟೆ. ನಾನು ಕುಳಿತು ನೋಡಿದ ಹಲವು ತರಗತಿಗಳಲ್ಲಿ ಎಂಟು ನಿಮಿಷವೆಂಬುದು ಕಡಿಮೆಯೇ. ಖಾಸಗಿ ಟ್ಯೂಷನ್ನಿಗೆ ಹಣ ಕೊಡಬಲ್ಲ ಮನೆಯ ಮಗು ಈ 200 ಗಂಟೆಗಳನ್ನು ಸಂಜೆ ಮರಳಿ ಕೊಂಡುಕೊಳ್ಳುತ್ತದೆ. ಕಬ್ಬು ಕಡಿಯುವವರ, ಬೀಡಿ ಕಟ್ಟುವವರ ಮಗುವಿಗೆ ಅದು ಶಾಶ್ವತವಾದ ನಷ್ಟ. ತರಗತಿಯ ಗದ್ದಲವನ್ನು ನಾನು ಸಭ್ಯತೆಯ ಪ್ರಶ್ನೆಯಾಗಿ ನೋಡುವುದಿಲ್ಲ. ಅದು ಹಂಚಿಕೆಯ ಪ್ರಶ್ನೆ.

ಈಗ ಈ ‘ಉಡಾಳ’ರು ಯಾರು ಎಂದು ನೋಡೋಣ. 2018ರ ಜೂನ್‌ನಲ್ಲಿ ನದಿದಂಡೆಯ ಯಾವುದೋ ಊರಿನಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವನ್ನು ಕಲ್ಪಿಸಿಕೊಳ್ಳಿ. ಎರಡನೆಯ ತರಗತಿಯಲ್ಲಿದ್ದಾಗ, 2019ರ ಆಗಸ್ಟ್‌ನಲ್ಲಿ, ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಊರು ಕಾಳಜಿ ಕೇಂದ್ರಕ್ಕೆ ಹೋಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆಯೇ ಮುಚ್ಚಿತು. ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಅದರ ನಡುವೆ ಆ ವರ್ಷದ ಜುಲೈನಲ್ಲಿ ಇನ್ನೊಂದು ಪ್ರವಾಹ. ಓದು ಬರಹ ಕೈಗೂಡಬೇಕಾದ ಎರಡನೆಯ, ಮೂರನೆಯ ತರಗತಿಗಳನ್ನು ಸರಿಯಾಗಿ ಕಾಣದ ಈ ಮಗು 2025ರಲ್ಲಿ ಎಂಟನೆಯ ತರಗತಿಗೆ, ಅಂದರೆ ಪ್ರೌಢಶಾಲೆಗೆ, ಬಂದು ಕುಳಿತಿತು. ಮುಂದಿರುವ ಪುಸ್ತಕವನ್ನು ಓದಲಾಗದ ಹದಿಮೂರರ ಹುಡುಗ ದಿನಕ್ಕೆ ಆರೇಳು ಅವಧಿ ಏನು ಮಾಡಬೇಕೆಂದು ನಾವು ನಿರೀಕ್ಷಿಸುತ್ತೇವೆ?

ಇದರ ಮೇಲೆ ಭಾಷೆಯ ಗಂಟು. ನಿಪ್ಪಾಣಿಯಲ್ಲಿ, ಕಾಗವಾಡದ ಗಡಿ ಹಳ್ಳಿಗಳಲ್ಲಿ ಮನೆಯ ಮಾತು ಮರಾಠಿ ಅಥವಾ ಉರ್ದು, ಶಾಲೆಯದು ಕನ್ನಡ ಆಗಿರುವ ಮಕ್ಕಳಿದ್ದಾರೆ. ಮರಾಠಿ, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿಂದ ಮುಂದೆ ಕನ್ನಡ ಮಾಧ್ಯಮಕ್ಕೆ ಬರುವವರೂ ಇದ್ದಾರೆ. ಸೂಚನೆ ಅರ್ಥವಾಗದೆ ಪಕ್ಕದವನನ್ನು ಕೇಳಿದ ಮಗು ‘ಮಾತಾಡುವ ಮಗು’ ಎಂದು ದಾಖಲಾಗುತ್ತದೆ. ರಾಯಬಾಗ, ಅಥಣಿಯ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದಾಗ ಬೀಡ್ ಕಡೆಯಿಂದ, ವಿಜಯಪುರದ ಕಡೆಯಿಂದ ಬರುವ ಗ್ಯಾಂಗುಗಳ ಜೊತೆ ಇನ್ನೊಂದಿಷ್ಟು ಮಕ್ಕಳು ಬರುತ್ತಾರೆ. ಅವರಲ್ಲಿ ಕೆಲವರು ನಾಲ್ಕು ತಿಂಗಳು ನಮ್ಮ ಶಾಲೆಯ ಮೂಲೆಯಲ್ಲಿ ಕುಳಿತು ಹೋಗುತ್ತಾರೆ. ಇಂಥ ಮಕ್ಕಳೆಲ್ಲ ಸ್ವಭಾವತಃ ಸಾಧುಗಳು, ತಪ್ಪೆಲ್ಲ ವ್ಯವಸ್ಥೆಯದು ಎಂದು ನಾನು ಹೇಳಲಾರೆ. ಹುಡುಗರು ತುಂಟರೇ. ಆದರೆ ತುಂಟತನಕ್ಕೂ ಒಂದು ಸಮಯ, ಒಂದು ಸಂದರ್ಭ, ಒಂದು ಪ್ರಯೋಜನ ಇರುತ್ತದೆ. ಅದನ್ನು ಪತ್ತೆ ಮಾಡುವುದೇ ಶಿಕ್ಷಕನ ಅರ್ಧ ಕೆಲಸ.

ಅಮೆರಿಕದ ಮನಃಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ನನಗೆ ತುಂಬ ಉಪಯುಕ್ತವೆನಿಸಿದೆ. ತರಗತಿಗಳನ್ನು ಚಿತ್ರೀಕರಿಸಿ, ಶಿಸ್ತುಳ್ಳ ತರಗತಿಯ ಶಿಕ್ಷಕರು ತಪ್ಪು ಮಾಡಿದವರನ್ನು ಹೇಗೆ ಗದರುತ್ತಾರೆ, ಗದ್ದಲದ ತರಗತಿಯವರು ಹೇಗೆ ಗದರುತ್ತಾರೆ ಎಂದು ಆತ ಹೋಲಿಸಲು ಹೊರಟ. ಗದರುವ ರೀತಿಯಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ವ್ಯತ್ಯಾಸವಿದ್ದದ್ದು ಗದ್ದಲ ಹುಟ್ಟುವ ಮೊದಲಿನ ನಿಮಿಷಗಳಲ್ಲಿ. ಒಳ್ಳೆಯ ಶಿಕ್ಷಕರು ಇಡೀ ಕೊಠಡಿಯ ಮೇಲೆ ಕಣ್ಣಿಟ್ಟಿರುತ್ತಿದ್ದರು, ಒಂದು ಕೆಲಸದಿಂದ ಇನ್ನೊಂದಕ್ಕೆ ಎಡೆಯಿಲ್ಲದಂತೆ ಸಾಗುತ್ತಿದ್ದರು, ಪಾಠದ ಓಟ ನಿಲ್ಲಲು ಬಿಡುತ್ತಿರಲಿಲ್ಲ. ಶಿಕ್ಷೆ ಎಷ್ಟು ಕಠಿಣವಾಗಿರಬೇಕು ಎಂದು ನಾವು ಇಲ್ಲಿ ನಡೆಸುವ ಚರ್ಚೆಯೆಲ್ಲ ತಪ್ಪು ಜಾಗದಲ್ಲಿ ನಡೆಯುತ್ತಿದೆ ಎಂದಾಯಿತು.

ಇದನ್ನು ನಾನು ಚಿಕ್ಕೋಡಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಣ್ಣಾರೆ ಕಂಡೆ. ಅಲ್ಲಿನ ಅಕ್ಕೋರೊಬ್ಬರು, ದನಿ ಎತ್ತರಿಸಿದರೂ ಮೂರನೆಯ ಸಾಲಿಗೆ ಕೇಳಿಸದಷ್ಟು ಮೆದು ಮಾತಿನವರು, ವಿರಾಮದ ಗಂಟೆ ಮುಗಿಯುವ ಮೊದಲೇ ಒಳಗೆ ಬಂದು ಕಪ್ಪು ಹಲಗೆಯ ಮೇಲೆ ಎರಡು ಸಣ್ಣ ಲೆಕ್ಕ ಬರೆದಿರುತ್ತಿದ್ದರು. ಒಳಬಂದ ಮಗು ಪಾಟಿಚೀಲ ಇಟ್ಟು ನೋಟುಬುಕ್ಕು ತೆಗೆದು ಬರೆಯತೊಡಗಬೇಕು. ಯಾರ ಅಪ್ಪಣೆಯೂ ಬೇಡ. ಲೆಕ್ಕಗಳು ಹಿಂದಿನ ತರಗತಿಯ ಮಟ್ಟದವು, ಎಲ್ಲರಿಗೂ ಬರುವಂಥವು. ಅವರು ಬಾಗಿಲ ಬಳಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಒಂದು ಮಾತಾಡಿ ಒಳಗೆ ಬಿಡುತ್ತಿದ್ದರು. ‘ಅವ್ವನ ಜ್ವರ ಇಳೀತೇನು?’ ಎಂದಷ್ಟೇ. ನೀರು ಕುಡಿಯಲು ಹೋಗುವವರಿಗೆ ಬಾಗಿಲಲ್ಲಿ ಒಂದು ಮರದ ಬಿಲ್ಲೆ. ಬಿಲ್ಲೆ ಗೂಟದಲ್ಲಿದ್ದರೆ ಹೋಗಬಹುದು, ಇಲ್ಲದಿದ್ದರೆ ಕಾಯಬೇಕು. ‘ಸರ್, ನೀರು?’ ಎಂದು ಪಾಠದ ನಡುವೆ ಹತ್ತು ಸಲ ಏಳುವ ಕೈಗಳನ್ನು ಆ ಬಿಲ್ಲೆ ಇಳಿಸಿತ್ತು. ನಾನು ಗಡಿಯಾರ ನೋಡಿದೆ. ಪಾಠ ಆರಂಭವಾಗಲು ಮೂರು ನಿಮಿಷ ಹಿಡಿಯಿತು. ಅದೇ ಮಕ್ಕಳು ಮುಂದಿನ ಅವಧಿಯಲ್ಲಿ ಮತ್ತೊಬ್ಬ ಶಿಕ್ಷಕರೊಂದಿಗೆ ಹನ್ನೊಂದು ನಿಮಿಷ ತೆಗೆದುಕೊಂಡರು.

ಆ ಅಕ್ಕೋರು ಸೂಚನೆ ಕೊಡುವ ರೀತಿಯೂ ಗಮನಿಸತಕ್ಕದ್ದು. ‘ಗದ್ದಲ ಮಾಡಬ್ಯಾಡ್ರಿ’ ಎಂಬ ಮಾತು ಮಗುವಿಗೆ ಏನು ಮಾಡಬೇಕೆಂದು ಹೇಳುವುದಿಲ್ಲ. ‘ಪುಟ 24 ತೆಗೀರಿ, ಮೊದಲನೇ ಸಾಲಿನ ಮೇಲೆ ಬೆರಳಿಡ್ರಿ’ ಎಂದರೆ ಹೇಳುತ್ತದೆ. ಒಂದು ಸಲಕ್ಕೆ ಒಂದೇ ಸೂಚನೆ, ಆಮೇಲೆ ಕೆಲವು ಕ್ಷಣ ಮೌನ. ಮರಾಠಿ ಮನೆಯ ಮಕ್ಕಳ ಬಳಿ ಹೋಗಿ ‘ಸಮಜಲಂ ಕಾ?’ ಎಂದು ಮೆಲ್ಲಗೆ ಕೇಳುವುದು. ಭಾಷಾಭಿಮಾನಕ್ಕೆ ಇದರಿಂದ ಯಾವ ಊನವೂ ಬಾರದು. ಅರ್ಥವಾದ ಮಗು ಕನ್ನಡವನ್ನು ಬೇಗ ಕಲಿಯುತ್ತದೆ. ಹಿಂದೆ ಮಾತು ಕೇಳಿಬಂದರೆ ಅವರು ಪಾಠ ನಿಲ್ಲಿಸದೆ ಹೇಳುತ್ತಲೇ ಆ ಬೆಂಚಿನ ಪಕ್ಕ ಹೋಗಿ ನಿಲ್ಲುತ್ತಿದ್ದರು. ಹತ್ತಿರ ಬಂದ ನೆರಳೇ ಸಾಕಾಗುತ್ತಿತ್ತು. ಸಾಕಾಗದಿದ್ದಾಗ ಬಾಗಿ ಕಿವಿಯಲ್ಲಿ ಒಂದು ಮಾತು. ನಲವತ್ತು ಜನರೆದುರು ಬೈಸಿಕೊಂಡ ಹುಡುಗನಿಗೆ ಎದುರುತ್ತರ ಕೊಡುವುದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಕಿವಿಯಲ್ಲಿ ಹೇಳಿದರೆ ಸೋಲಿಗೆ ಸಾಕ್ಷಿಗಳಿರುವುದಿಲ್ಲ.

ಇನ್ನೊಂದು ಉದಾಹರಣೆ ರಾಯಬಾಗ ತಾಲ್ಲೂಕಿನ ಪ್ರೌಢಶಾಲೆಯೊಂದರದು. ಕಂದಾಯ ಇಲಾಖೆಯಲ್ಲಿ ಬೆಳೆದ ನನಗೆ ದಾಖಲೆಗಳ ಮೇಲೆ ಮೋಹ ಇರುವುದು ಸಹಜ; ಪಹಣಿ ಇಲ್ಲದೆ ಜಮೀನಿನ ವಿಚಾರ ಮಾತಾಡಬಾರದೆಂದು ಕಲಿತವರು ನಾವು. ಅಲ್ಲಿನ ಕನ್ನಡ ಶಿಕ್ಷಕರೊಬ್ಬರು ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಮೂರು ಕಲಂ ಎಳೆದುಕೊಂಡಿದ್ದರು: ತೊಂದರೆ ಆಗುವ ಮುನ್ನ ತರಗತಿಯಲ್ಲಿ ಏನು ನಡೆಯುತ್ತಿತ್ತು, ಹುಡುಗ ಏನು ಮಾಡಿದ, ಅದರ ನಂತರ ಏನಾಯಿತು. ಹುಡುಗನ ಗುಣಾವಗುಣಗಳ ಬಗ್ಗೆ ಒಂದು ಶಬ್ದವೂ ಇಲ್ಲ. ದಿನಕ್ಕೆ ಐದು ಸಾಲು ಬರೆದರೆ ಮುಗಿಯಿತು. ಮೂರು ವಾರಗಳ ನಂತರ ಅವರು ಅದನ್ನು ಓದಿದಾಗ, ಇಡೀ ಶಾಲೆಗೆ ತಲೆನೋವಾಗಿದ್ದ ಒಬ್ಬ ಹುಡುಗ ಸುಣ್ಣದ ಚೂರು ಎಸೆಯುವುದು, ಮುಂದಿನವನ ಕಾಲರ್ ಎಳೆಯುವುದು ಎಲ್ಲವೂ ಗಟ್ಟಿಯಾಗಿ ಓದಿಸುವ ಅವಧಿಯಲ್ಲೇ, ಸರದಿ ಅವನ ಬೆಂಚಿಗೆ ಬರುವ ಸ್ವಲ್ಪ ಮೊದಲೇ ನಡೆಯುತ್ತದೆ ಎಂಬುದು ಕಂಡಿತು. ನಂತರ ಏನಾಗುತ್ತಿತ್ತು? ‘ಹೊರಗೆ ನಿಲ್ಲು’ ಎಂಬ ಆಜ್ಞೆ. ಅಂದರೆ ಅವನಿಗೆ ಬೇಕಾದದ್ದೇ ಆಗುತ್ತಿತ್ತು. ಓದಲು ಬಾರದವನು ಎಂದು ಹುಡುಗಿಯರೆದುರು ಗೊತ್ತಾಗುವುದಕ್ಕಿಂತ ಉಡಾಳ ಎನಿಸಿಕೊಳ್ಳುವುದು ಆ ವಯಸ್ಸಿನಲ್ಲಿ ಎಷ್ಟೋ ಗೌರವದ ಸಂಗತಿ. ಬೆತ್ತದ ಏಟು ತಿಂದಾದರೂ ಆ ಗೌರವವನ್ನು ಕಾಪಾಡಿಕೊಳ್ಳಬೇಕೆನಿಸುತ್ತದೆ.

ಶಿಕ್ಷಕರು ಮಾಡಿದ್ದು ಸರಳ ಕೆಲಸ. ನಾಳೆ ನಿನಗೆ ಈ ನಾಲ್ಕು ಸಾಲು ಬರುತ್ತವೆ ಎಂದು ಹಿಂದಿನ ದಿನ ಸಂಜೆ ಗುಟ್ಟಾಗಿ ಹೇಳಿದರು. ಹುಡುಗ ಮನೆಯಲ್ಲಿ ಅಕ್ಕನಿಂದ ಹೇಳಿಸಿಕೊಂಡು ಬಂದ. ನಾಲ್ಕು ಸಾಲು ಆರಾಯಿತು, ಹತ್ತಾಯಿತು. ಬೆಳಿಗ್ಗೆ ಹದಿನೈದು ನಿಮಿಷ ಅವನಂಥ ಐದಾರು ಮಂದಿಯನ್ನು ಕೂರಿಸಿಕೊಂಡು ಕಾಗುಣಿತದಿಂದ ಶುರುಮಾಡಿದರು. ಅವನೇನೂ ಸಾಧುವಾಗಲಿಲ್ಲ; ನಾನು ಹೋದಾಗಲೂ ಆಟದ ಮೈದಾನದಲ್ಲಿ ಯಾರೊಡನೆಯೋ ಜಗಳ ಆಡಿ ಅಂಗಿ ಹರಿದುಕೊಂಡು ಬಂದಿದ್ದ. ಆದರೆ ಓದಿನ ಅವಧಿಯಲ್ಲಿ ಸುಣ್ಣದ ಚೂರು ಹಾರುವುದು ನಿಂತಿತ್ತು.

‘ಹೊರಗೆ ನಿಲ್ಲು’ ಎಂಬುದರ ಬಗ್ಗೆ ಎರಡು ಮಾತು ಹೇಳಲೇಬೇಕು. ಛಡಿ ಹೋದ ಮೇಲೆ ನಮ್ಮ ಶಾಲೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಶಿಕ್ಷೆ ಇದೇ. ಬೆಂಗಳೂರಿನ ಶಾಲೆಯಲ್ಲಿ ಹೊರಗೆ ಎಂದರೆ ಕಾರಿಡಾರು. ಈ ಐದು ತಾಲ್ಲೂಕುಗಳಲ್ಲಿ ಹೊರಗೆ ಎಂದರೆ ಕಬ್ಬಿನ ಗದ್ದೆ, ಟ್ರ್ಯಾಕ್ಟರ್ ಟ್ರೇಲರು, ಗ್ಯಾರೇಜು, ತಂಬಾಕಿನ ವಖಾರಿ. ಎಂಟನೆಯ ತರಗತಿಯ ಹುಡುಗನ ಒಂದು ದಿನದ ದುಡಿಮೆಗೆ ಅಲ್ಲಿ ಬೆಲೆಯಿದೆ. ಶಾಲೆಯಲ್ಲಿ ಅವನಿಗೆ ಬೆಲೆಯಿಲ್ಲವೆಂದು ದಿನವೂ ಹೊಸ್ತಿಲಾಚೆ ನಿಲ್ಲಿಸಿ ಹೇಳಿದರೆ ಅವನು ಲೆಕ್ಕ ಹಾಕದೇ ಇರುತ್ತಾನೆಯೇ? ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಕಾಯ್ದೆಯ 16ನೆಯ ಕಲಮು ಹೇಳುತ್ತದೆ. ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟ 2019ರ ತಿದ್ದುಪಡಿಯೂ ಈ ರಕ್ಷಣೆಯನ್ನು ಮುಟ್ಟಿಲ್ಲ. ಹೊರಗೆ ನಿಂತೂ ನಿಂತೂ ತಾನಾಗಿಯೇ ಹೋದ ಹುಡುಗನನ್ನು ಮಾತ್ರ ಯಾವ ಕಲಮೂ ಹಿಡಿದಿಡಲಾರದು.

ಪಾಠದ ಸಾಲನ್ನು ಐವತ್ತು ಸಲ ಬರೆಸುವ ಶಿಕ್ಷೆಯೂ ಅಷ್ಟೇ ಅವಿವೇಕದ್ದು. ಬರವಣಿಗೆಯನ್ನೇ ಶಿಕ್ಷೆಯಾಗಿಸಿದರೆ ಅದನ್ನು ಪ್ರೀತಿಸುವವರು ಯಾರು? ಜಾತಿಯನ್ನೋ ಅಪ್ಪನ ಕಸುಬನ್ನೋ ಎತ್ತಿ ಆಡುವ ಮಾತು ಬೆತ್ತಕ್ಕಿಂತ ಕೆಟ್ಟದ್ದು. ಅಥಣಿ ಸೀಮೆಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಮನೆಯ ಹುಡುಗ ಚರ್ಮದ ಸಣ್ಣ ಎಳೆಗಳನ್ನು ಹೆಣೆಯಲು ಗಂಟೆಗಟ್ಟಲೆ ಅಲುಗದೆ ಕೂರಬಲ್ಲ. ಅದೇ ಹುಡುಗನನ್ನು ಶಾಲೆಯಲ್ಲಿ ‘ಇವನಿಗೆ ಐದು ನಿಮಿಷ ಕೂರಲು ಬಾರದು’ ಎನ್ನುತ್ತೇವೆ. ಕೂರಲು ಬರುತ್ತದೆ, ಕೂರಿಸುವಂಥದ್ದೇನೂ ನಾವು ಅವನ ಮುಂದೆ ಇಟ್ಟಿಲ್ಲ.

ಗದ್ದಲ ಮಾಡದ ಮಗುವಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಶಿಸ್ತಿನ ಚರ್ಚೆಯಲ್ಲಿ ಅದು ಯಾವಾಗಲೂ ಬಿಟ್ಟುಹೋಗುತ್ತದೆ. ನಿಪ್ಪಾಣಿಯಲ್ಲಿ ರಾತ್ರಿ ತಾಯಿಯ ಜೊತೆ ಕುಳಿತು ಎಲೆ ಕತ್ತರಿಸಿ ಬೀಡಿಗೆ ಕೈ ಹಚ್ಚಿದ ಹುಡುಗಿ ಮಧ್ಯಾಹ್ನದ ಅವಧಿಯಲ್ಲಿ ಕಣ್ಣು ತೆರೆದೇ ನಿದ್ರಿಸುತ್ತಿರುತ್ತಾಳೆ. ಅವಳ ಮೇಲೆ ಯಾರ ದೂರೂ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ಅವಳ ಹೆಸರು ಹಾಜರಿ ಪುಸ್ತಕದಿಂದ ಕಾಣೆಯಾದಾಗಲೂ ಗದ್ದಲವಾಗುವುದಿಲ್ಲ. ಕರೆದರೂ ತಿರುಗದ ಮಗುವಿಗೆ ಕಿವಿ ಕೇಳಿಸುತ್ತದೆಯೇ, ಹಲಗೆ ನೋಡದ ಮಗುವಿಗೆ ಕಣ್ಣು ಕಾಣಿಸುತ್ತದೆಯೇ ಎಂಬುದನ್ನೂ ಮೊದಲು ನೋಡಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದ ದಿನ ಇಂಥ ಮಕ್ಕಳ ಪಟ್ಟಿ ಶಿಕ್ಷಕರ ಕೈಯಲ್ಲಿ ಸಿದ್ಧವಾಗಿರಲಿ.

ಶಿಕ್ಷಕರ ಆಕ್ಷೇಪಣೆಗಳು ನನಗೆ ಗೊತ್ತು, ಅವು ಹುಸಿಯಲ್ಲ. ‘ಈಗಿನ ಹುಡುಗರಿಗೆ ಹೆದರಿಕೆಯೇ ಇಲ್ಲ, ಗುಟ್ಕಾ ಬಾಯಲ್ಲಿಟ್ಟುಕೊಂಡೇ ಒಳಬರುತ್ತಾರೆ, ಬೈದರೆ ಊರಿನ ಮುಖಂಡರ ಫೋನು ಬರುತ್ತದೆ’ ಎಂದು ಒಬ್ಬರು ನನ್ನೆದುರು ನೊಂದು ಹೇಳಿದರು. ಗುಟ್ಕಾದ ವಿಷಯದಲ್ಲಿ ಶಿಕ್ಷಕರನ್ನು ದೂರಿ ಫಲವಿಲ್ಲ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಾಟವನ್ನು 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ತಹಶೀಲ್ದಾರರು, ಪೊಲೀಸರು, ಪಂಚಾಯಿತಿಯವರು ಅಳತೆ ಟೇಪು ಹಿಡಿದು ಒಂದು ದಿನ ಓಡಾಡಿದರೆ ಸಾಕು. ಮುಖಂಡರ ಫೋನಿಗೆ ಉತ್ತರ ಶಾಲೆಯ ಒಗ್ಗಟ್ಟು. ಯಾವ ತಪ್ಪಿಗೆ ಏನು ಎಂಬುದನ್ನು ಜೂನ್ ತಿಂಗಳಲ್ಲೇ ಎಲ್ಲ ಶಿಕ್ಷಕರು, ಎಸ್.ಡಿ.ಎಂ.ಸಿ. ಸದಸ್ಯರು, ಮಕ್ಕಳ ಪ್ರತಿನಿಧಿಗಳು ಕುಳಿತು ಐದಾರು ಸಾಲಿನಲ್ಲಿ ಬರೆದು ಗೋಡೆಗೆ ಹಚ್ಚಿದರೆ, ಅದು ಯಾರೊಬ್ಬರ ಸಿಟ್ಟಿನ ಮಾತಾಗಿ ಉಳಿಯುವುದಿಲ್ಲ. ಬೆಂಚು ಮುರಿದವನು ಬಡಿಗನ ಜೊತೆ ನಿಂತು ಅದನ್ನು ಕೂಡಿಸಬೇಕು, ಗೋಡೆ ಕೆಡಿಸಿದವನು ಸುಣ್ಣ ಬಳಿಯಬೇಕು. ಇದನ್ನು ಊರಿನವರೂ ಒಪ್ಪುತ್ತಾರೆ. ಪಾಲಕರನ್ನು ಕರೆಯುವುದಾದರೆ ಮೊದಲ ಕರೆ ಒಂದು ಒಳ್ಳೆಯ ಸುದ್ದಿಗಾಗಿ ಇರಲಿ. ಕೂಲಿ ಬಿಟ್ಟು ಬಂದು ದೂರು ಕೇಳಿಸಿಕೊಂಡ ತಂದೆ ಸಂಜೆ ಮನೆಯಲ್ಲಿ ಏನು ಮಾಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಶಾಲೆ ಕೈಬಿಟ್ಟ ಛಡಿಯನ್ನು ಅವನ ಕೈಗೆ ವರ್ಗಾಯಿಸಿದಂತಾಗುತ್ತದೆ.

ಇವೆಲ್ಲ ಹೊಸ ವಿದ್ಯೆಗಳೂ ಅಲ್ಲ. ಭಾವನಗರದ ಗಿಜುಭಾಯಿ ಬಧೇಕಾ ಗುಜರಾತಿಯಲ್ಲಿ ಬರೆದ ‘ದಿವಾಸ್ವಪ್ನ’ದ ಮಾಸ್ತರರು ಮೊದಲ ದಿನ ಮಕ್ಕಳಿಗೆ ಮೌನ ಕಲಿಸಲು ಹೋಗಿ, ಗದ್ದಲದಲ್ಲಿ ಸೋತು, ಮರುದಿನ ಕತೆ ಹೇಳಲು ಆರಂಭಿಸುತ್ತಾರೆ. ನಮ್ಮದೇ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದಾಗ ಅದರ ತಿರುಳು ಇಷ್ಟೇ ಆಗಿತ್ತು: ಪ್ರತಿ ಮಗುವಿನ ಕೈಯಲ್ಲಿ ಅದರ ಮಟ್ಟದ ಕೆಲಸ ಇರಲಿ. ಕೈಯಲ್ಲಿ ಕೆಲಸವಿರುವ ಮಗು ಪಕ್ಕದವನನ್ನು ಚಿವುಟುವುದು ಕಡಿಮೆ. ಮೂರನೆಯ ತರಗತಿಗೆ ನಿಂತುಹೋಗುವ ಈ ಬುದ್ಧಿಯನ್ನು ಎಂಟನೆಯ ತರಗತಿಗೆ ತರಲು ನಮಗೆ ಅಡ್ಡಿ ಏನು ಎಂಬುದು ನನಗೆ ತಿಳಿಯದು.

ಅಡ್ಡಿಗಳಲ್ಲಿ ಒಂದಂತೂ ಸ್ಪಷ್ಟ. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದು ಕಾಯ್ದೆ ಹೇಳುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ, ವರ್ಷದ ನಡುವೆ ಬಂದ ಅತಿಥಿ ಶಿಕ್ಷಕಿಗೆ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮಾತಾಡಿ ಎನ್ನಲು ನನಗೆ ಬಾಯಿ ಬಾರದು. ಖಾಲಿ ಹುದ್ದೆಗಳನ್ನು ತುಂಬದೆ ಶಿಸ್ತಿನ ಉಪದೇಶ ಮಾಡುವುದು ಗೊಬ್ಬರ ಕೊಡದೆ ಇಳುವರಿ ಕೇಳಿದಂತೆ. ಆದರೆ ಹುದ್ದೆಗಳು ತುಂಬುವವರೆಗೂ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಶಿಕ್ಷಕರ ಸಮಾಲೋಚನಾ ಸಭೆಗಳು ನಡೆಯುತ್ತವೆ. ಬಹುಪಾಲು ಸಮಯ ಅಂಕಿಅಂಶಗಳ ನಮೂನೆ ತುಂಬುವುದರಲ್ಲಿ ಕಳೆಯುತ್ತದೆ. ಅದರಲ್ಲಿ ಎರಡು ಗಂಟೆಯನ್ನು ಈ ಮೂರು ಕಲಮಿನ ನೋಟುಬುಕ್ಕಿಗೆ ಮೀಸಲಿಡಲಿ. ಕನ್ನಡ, ಮರಾಠಿ, ಉರ್ದು ಶಾಲೆಗಳ ಶಿಕ್ಷಕರು ಒಂದೇ ಕೊಠಡಿಯಲ್ಲಿ ಕೂರಲಿ. ಹುಡುಗರ ಹೆಸರು ಬಿಟ್ಟು ಘಟನೆಗಳನ್ನಷ್ಟೇ ಓದಲಿ. ಯಾರ ತರಗತಿ ಮೂರು ನಿಮಿಷದಲ್ಲಿ ಆರಂಭವಾಗುತ್ತದೋ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಉಳಿದವರು ತಿಂಗಳಿಗೊಂದು ದಿನ ಕುಳಿತು ನೋಡಲು ಕ್ಷೇತ್ರ ಶಿಕ್ಷಣಾಧಿಕಾರಿಗಳು ಅನ್ಯಕಾರ್ಯ ನಿಮಿತ್ತ ಹಾಜರಿ ಕೊಡಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಸಚಿವಾಲಯದ ಮಂಜೂರಾತಿಯೂ ಬೇಕಿಲ್ಲ. ದಸರಾ ರಜೆ ಮುಗಿದು ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಕಾಣಿಸಿಕೊಳ್ಳುವ ಮೊದಲೇ, ಗ್ಯಾಂಗುಗಳ ಮಕ್ಕಳು ಬಂದು ಮೂಲೆಯಲ್ಲಿ ಕೂರುವ ಮೊದಲೇ, ಮೊದಲ ಸಭೆ ನಡೆಯಬಹುದು.